ಟ್ಯಾಂಕ್ ನಿಧಾನಕ್ಕೆ ಸೋರುತ್ತಿದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ಗಪ್ಪಿಮನೆ
ಎಲ್ಲರಿಗೂ ನಮಸ್ಕಾರ. ನನ್ನದು 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಗಾಜಿನ ಟ್ಯಾಂಕ್. ಅಂಚಿಗೆ ಫ್ರೇಮ್ ಇಲ್ಲ. ಒಳಗೆ ಗಪ್ಪಿ ಮೀನು, ಕೋರಿಡೋರಾಸ್ (ತಳದಲ್ಲಿ ಓಡಾಡುವ ಸಣ್ಣ ಮೀನು), ಒಂದಿಷ್ಟು ಗಿಡ. ಸ್ವಲ್ಪ ದಿನದಿಂದ ನೀರು ಬೇಗ ಇಳಿಯುತ್ತಿದೆ. ಮೊದಲು ತಲೆ ಕೆಡಿಸಿಕೊಂಡಿರಲಿಲ್ಲ, ಮೇಲಿಂದ ತುಂಬಿಸುತ್ತಿದ್ದೆ. ಈಗ ಸ್ಟ್ಯಾಂಡಿನ ಹಿಂದಿನ ಎಡಮೂಲೆಯಲ್ಲಿ ಪ್ಲೈವುಡ್ ಉಬ್ಬಿದೆ, ಮುಟ್ಟಿದರೆ ಪಸೆ. ಆದರೆ ಗಾಜಿನ ಮೇಲೆ ಎಲ್ಲೂ ನೀರು ಹರಿಯುವುದು ಕಾಣುವುದಿಲ್ಲ. ಮೀನುಗಳನ್ನು ಎತ್ತದೆ ಸರಿಮಾಡಬಹುದಾ? ಎಲ್ಲಿಂದ ಶುರುಮಾಡಲಿ?

ಸಿಹಿನೀರು
ಮೊದಲು ಒಂದು ಪ್ರಶ್ನೆ. ಮೇಲೆ ಮುಚ್ಚಳ ಇದೆಯಾ? ಹೀಟರ್, ಫ್ಯಾನ್ ಏನಾದರೂ ಓಡುತ್ತಿದೆಯಾ? ಮುಚ್ಚಳ ಇಲ್ಲದ ಟ್ಯಾಂಕಿನಲ್ಲಿ ಆವಿಯಾಗಿ ಹೋಗುವ ನೀರೇ ದಿನಕ್ಕೆ ಕೆಲವು ಮಿಲಿಮೀಟರ್ ಆಗಬಹುದು. ಗಾಳಿಗುಳ್ಳೆ ಬಿಡುತ್ತಿದ್ದರೆ ಇನ್ನೂ ಜಾಸ್ತಿ. ನಿಮ್ಮ ಅಳತೆಯಲ್ಲಿ ಮಟ್ಟ 1 ಮಿ.ಮೀ. ಇಳಿದರೆ 180 ಮಿಲಿಲೀಟರ್ ಹೋಯಿತು ಅಂತ ಲೆಕ್ಕ. ಹಾಗಾಗಿ "ಬೇಗ ಇಳಿಯುತ್ತಿದೆ" ಅನ್ನುವುದನ್ನು ಸ್ಕೇಲಿನಲ್ಲಿ ಅಳೆದು ಹೇಳಿ.

ಟ್ಯಾಂಕ್ ಪಕ್ಕದಲ್ಲಿ ಒಂದು ಟಬ್ ನೀರಿಟ್ಟು ಎರಡರ ಮಟ್ಟಕ್ಕೂ ಗುರುತು ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಹೀಟರ್ ಇದ್ದರೆ ಟ್ಯಾಂಕಿನ ನೀರು ಬೆಚ್ಚಗಿರುತ್ತದೆ, ಟಬ್ಬಿನದು ತಣ್ಣಗಿರುತ್ತದೆ, ಹೋಲಿಕೆ ತಪ್ಪುತ್ತದೆ. ಅದಕ್ಕೆ ನಾನು ಟ್ಯಾಂಕಿನ ಬಾಯಿಗೇ ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇನೆ. ಒಂದು ಮೂಲೆಯಲ್ಲಿ ಬೆರಳಗಲ ಬಿಟ್ಟರೆ ಮೀನಿಗೆ ಗಾಳಿಗೆ ತೊಂದರೆ ಇಲ್ಲ. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಮರುದಿನ ಅದೇ ಹೊತ್ತಿಗೆ ನೋಡಿ. ಹೊದಿಸಿದ ಮೇಲೂ ಇಳಿದರೆ ಅದು ಆವಿಯಲ್ಲ.

ಕೊಳವೆಕಣ್ಣು
ಗಾಜನ್ನು ಅನುಮಾನಿಸುವ ಮುಂಚೆ ಟ್ಯಾಂಕಿನಿಂದ ಹೊರಗೆ ಬರುವ ಒಂದೊಂದೇ ವಸ್ತುವನ್ನು ಕೈಯಲ್ಲಿ ಮುಟ್ಟಿ ನೋಡಿ. ವೈರು, ಕೊಳವೆ, ಎಲೆ, ಎಲ್ಲಾ. ಹೀಟರ್ ವೈರಿನ ಮೇಲೆ ನೀರು ತೆಳುವಾಗಿ ಹತ್ತಿ ಅಂಚು ದಾಟಿ ಕೆಳಗಿಳಿಯುತ್ತದೆ. ಅಂಚಿನ ಮೇಲೆ ಬಾಗಿದ ಗಿಡದ ಎಲೆಯೋ ಬೇರೋ ಇದ್ದರೂ ಸಾಕು, ಬತ್ತಿ ಎಣ್ಣೆ ಹೀರಿದ ಹಾಗೆ ಹೀರಿ ಹೊರಗೆ ಹಾಕುತ್ತದೆ.

ಏರ್ ಪಂಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದೀರಾ? ಕೊಳವೆಯ ನಡುವೆ ಚೆಕ್ ವಾಲ್ವ್ (ನೀರು ವಾಪಸ್ ಬರದ ಹಾಗೆ ತಡೆಯುವ ಬಿರಡೆ) ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ವಾಪಸ್ ಹರಿದು ಪಂಪಿನೊಳಗೆ ಬರುತ್ತದೆ. ಆಮೇಲೆ ಕರೆಂಟ್ ಬಂದು ಎಲ್ಲಾ ಸರಿಯಾದ ಹಾಗೆ ಕಾಣುತ್ತದೆ, ನೆಲ ಮಾತ್ರ ಒದ್ದೆ. ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ ಅದರ ತಲೆಯ ರಬ್ಬರ್ ರಿಂಗ್ ನೋಡಿ. ಅಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡಿದ್ದರೂ ಹನಿ ಬರುತ್ತದೆ.

ಇನ್ನೊಂದು ಮಾತು, ಇದು ಮೀನಿಗಲ್ಲ, ನಿಮಗೆ. ಸ್ಟ್ಯಾಂಡ್ ಒದ್ದೆ ಇದ್ದರೆ ಪವರ್ ಸ್ಟ್ರಿಪ್ ನೆಲದಿಂದ ಮೇಲೆತ್ತಿ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಕೆಳಗೆ ಜೋತು ಮತ್ತೆ ಮೇಲೇರುವ ಹಾಗೆ ಬಿಡಿ. ಹನಿ ಅಲ್ಲೇ ಬಿದ್ದುಹೋಗುತ್ತದೆ, ಪ್ಲಗ್ ಸೇರುವುದಿಲ್ಲ. ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆ ಎಲ್ಲಾ ಪ್ಲಗ್ ಕೀಳಿ.

ಗಪ್ಪಿಮನೆ
ತುಂಬಾ ಥ್ಯಾಂಕ್ಸ್. ಫಿಲ್ಟರ್ ಒಳಗೇ ಇರುವ ಥರದ್ದು. ಏರ್ ಪಂಪ್ ಇಲ್ಲ. ಹೀಟರ್ ವೈರು ಒಣಗಿದೆ, ಅಂಚಿನ ಮೇಲೆ ಎಲೆಯೂ ಇಲ್ಲ. ಪ್ಲಾಸ್ಟಿಕ್ ಹೊದಿಸಿ ಗೆರೆ ಹಾಕಿ ನೋಡಿದೆ. ಒಂದು ದಿನಕ್ಕೆ 4 ಮಿ.ಮೀ. ಇಳಿದಿದೆ. ನಿಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರ್ ಹತ್ತಿರ ಹತ್ತಿರ! ಅಷ್ಟು ನೀರು ಎಲ್ಲಿ ಹೋಗುತ್ತಿದೆ ಅನ್ನುವುದೇ ಆಶ್ಚರ್ಯ.

ಸಿಹಿನೀರು
ಎಲ್ಲೂ ಹೋಗಿಲ್ಲ, ಪ್ಲೈವುಡ್ ಕುಡಿದಿದೆ. ಕುಡಿದು ಉಳಿದದ್ದು ಹೊರಗೆ ಆರಿದೆ. ಸರಿ, ಸೋರುವುದು ಖಚಿತವಾಯಿತು.

ಬೇಗಕೆಲಸ
ಇಷ್ಟೆಲ್ಲಾ ಯಾಕೆ? ಎಡಮೂಲೆ ಒದ್ದೆ ಅಂದರೆ ಸೋರುವುದು ಅಲ್ಲೇ ಅಲ್ವಾ. ಒರೆಸಿ, ಹೊರಗಡೆಯಿಂದ ದಪ್ಪಗೆ ಸಿಲಿಕಾನ್ ಬಳಿದುಬಿಡಿ. ಮೀನು ಎತ್ತುವುದೇ ಬೇಡ.

ಗಾಜುಗಾರ
ದಯವಿಟ್ಟು ಹಾಗೆ ಮಾಡಬೇಡಿ. ಎರಡು ಕಾರಣ.

ಮೊದಲನೆಯದು, ಒದ್ದೆ ಇರುವ ಜಾಗವೇ ಸೋರುವ ಜಾಗ ಆಗಿರಬೇಕು ಅಂತೇನಿಲ್ಲ. ನೀರು ತೂತಿನಿಂದ ಹೊರಬಂದು ಗಾಜಿನ ಅಂಚನ್ನೇ ಹಿಡಿದುಕೊಂಡು ಹೋಗುತ್ತದೆ. ತಳಕ್ಕೆ ಬಂದು, ಟ್ಯಾಂಕಿನ ಅಡಿಯಲ್ಲಿ ನುಸುಳಿ, ಸ್ಟ್ಯಾಂಡ್ ಎಲ್ಲಿ ಕೂದಲೆಳೆಯಷ್ಟು ತಗ್ಗಿದೆಯೋ ಅಲ್ಲಿ ಹನಿಯುತ್ತದೆ. ತೂತು ಬಲಗಡೆ, ಹನಿ ಎಡಗಡೆ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯದು ಒತ್ತಡ. ನೀರಿನ ಒತ್ತಡ ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದರ ಮೇಲಲ್ಲ, ಎಷ್ಟು ಆಳ ಅನ್ನುವುದರ ಮೇಲೆ ನಿಂತಿದೆ. 34 ಸೆಂ.ಮೀ. ನೀರಿದ್ದರೆ ತಳದಲ್ಲಿ ಪ್ರತಿ ಚದರ ಸೆಂ.ಮೀ.ಗೆ 34 ಗ್ರಾಂ. ಇಡೀ ಹಿಂದಿನ ಗಾಜಿಗೆ ಕೂಡಿಸಿದರೆ ಸುಮಾರು 35 ಕೆ.ಜಿ. ಒತ್ತುತ್ತಿರುತ್ತದೆ. ಒಳಗೆ ಹಾಕಿದ ಸಿಲಿಕಾನನ್ನು ಆ ಒತ್ತಡ ಸಂದಿಗೆ ಅದುಮುತ್ತದೆ. ಹೊರಗೆ ಹಾಕಿದ್ದನ್ನು ಅದೇ ಒತ್ತಡ ಎಬ್ಬಿಸುತ್ತದೆ. ಜೊತೆಗೆ ಸಿಲಿಕಾನ್ ಒದ್ದೆ ಗಾಜಿಗೆ ಹಿಡಿಯುವುದೇ ಇಲ್ಲ. ಒಳಗೆ ನೀರಿಟ್ಟುಕೊಂಡು ಸಂದನ್ನು ಒಣಗಿಸಲು ಆಗುತ್ತದಾ?

ಬೇಗಕೆಲಸ
ನೀರಿನೊಳಗೇ ಹಚ್ಚುವ ಎಪಾಕ್ಸಿ ಪುಟ್ಟಿ ಸಿಗುತ್ತದಲ್ಲ?

ಗಾಜುಗಾರ
ಸಿಗುತ್ತದೆ. ಮಧ್ಯರಾತ್ರಿ ಸೋರಲು ಶುರುವಾದರೆ ಬೆಳಗಿನವರೆಗೆ ಕಾಲ ತಳ್ಳಲು ಅದು ಸರಿ. ಗಟ್ಟಿಯಾದ ಮೇಲೆ ಅದು ಬಾಗುವುದಿಲ್ಲ, ಗಾಜು ಮಾತ್ರ ನೀರು ತುಂಬಿದಾಗ ಸ್ವಲ್ಪ ಉಬ್ಬುತ್ತದೆ. ಸಿಲಿಕಾನ್ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಅದಕ್ಕೇ ಅದನ್ನು ಬಳಸುವುದು.

ಗಪ್ಪಿಮನೆಯವರೇ, ಸೋರುವ ಎತ್ತರ ಹುಡುಕೋಣ. ಹೊರಗಿನ ಗಾಜೆಲ್ಲಾ ಒಣಬಟ್ಟೆಯಲ್ಲಿ ಒರೆಸಿ. ನಾಲ್ಕು ಮೂಲೆಗಳ ಸಂದಿನ ಮೇಲೂ ಟಿಶ್ಯೂ ಪೇಪರಿನ ಸಣ್ಣ ತುಂಡುಗಳನ್ನು ಮೇಲಿಂದ ಕೆಳಗೆ ಬೇರೆ ಬೇರೆಯಾಗಿ ಟೇಪಿನಲ್ಲಿ ಅಂಟಿಸಿ. ಒಂದೇ ಉದ್ದ ಪಟ್ಟಿ ಹಾಕಿದರೆ ಇಡೀ ಪಟ್ಟಿ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ತುಂಡು ಯಾವುದು ಅಂತ ನೋಡಿ. ಆಮೇಲೆ ನೀರನ್ನು 5 ಸೆಂ.ಮೀ.ನಂತೆ ತೆಗೆಯುತ್ತಾ, ಪ್ರತಿ ಸಲ ಹೊಸ ಟಿಶ್ಯೂ ಹಾಕಿ ಕೆಲವು ಗಂಟೆ ಬಿಡಿ. ತೂತಿಗಿಂತ ನೀರು ಕೆಳಗೆ ಬಂದ ತಕ್ಷಣ ಎಲ್ಲಾ ಒಣಗಿರುತ್ತದೆ. ಹತ್ತಿರ ಬರುತ್ತಿದ್ದ ಹಾಗೆ ಜಿನುಗುವುದೂ ನಿಧಾನವಾಗುತ್ತದೆ, ಆದ್ದರಿಂದ ಅವಸರ ಬೇಡ. ನೀರು ಇಳಿಸುವ ಮುಂಚೆ ಹೀಟರ್ ಆಫ್ ಮಾಡಿ, ತಣ್ಣಗಾದ ಮೇಲೆ ತೆಗೆಯಿರಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜಿನ ಕೊಳವೆ ಒಡೆಯಬಹುದು.

ಗಪ್ಪಿಮನೆ
ನೀವು ಹೇಳಿದ್ದೇ ಸರಿ ಸರ್! ಎಡಗಡೆ ಅಲ್ಲವೇ ಅಲ್ಲ. ಹಿಂದಿನ ಬಲಮೂಲೆಯ ನಿಂತ ಸಂದು. ತಳದಿಂದ 25 ಸೆಂ.ಮೀ. ನೀರಿದ್ದಾಗ ಟಿಶ್ಯೂ ಒದ್ದೆ. 20ಕ್ಕೆ ಇಳಿಸಿದ ಮೇಲೆ ಪೂರ್ತಿ ಒಣ. ಟಾರ್ಚ್ ಹಿಡಿದು ಹೊರಗಿಂದ ನೋಡಿದೆ. ಸುಮಾರು 22 ಸೆಂ.ಮೀ. ಎತ್ತರದಲ್ಲಿ ಗಾಜಿನ ಅಂಚಿಗೆ ದಾರದಷ್ಟು ಸಣ್ಣ ಬಿಳಿ ಗೆರೆ, ಅಲ್ಲಿಂದ ನೇರ ತಳದವರೆಗೂ ಇಳಿದಿದೆ. ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಒಳಗಡೆ ಅದೇ ಎತ್ತರದಲ್ಲಿ ಸಿಲಿಕಾನ್ ಪಟ್ಟಿಯ ಅಂಚು ಎದ್ದಿದೆ, ಅದರ ಹಿಂದೆ ಹಸಿರು ಪಾಚಿ ಹೊಕ್ಕಿದೆ.

ಕೊಳವೆಕಣ್ಣು
ಪಾಚಿ ಕೆರೆಯಲು ಬ್ಲೇಡ್ ಬಳಸುತ್ತೀರಾ? ಮೂಲೆಯವರೆಗೂ ಬ್ಲೇಡ್ ಎಳೆದರೆ ಪಟ್ಟಿಯ ಅಂಚು ಕತ್ತರಿಸಿ ಏಳುತ್ತದೆ. ಆ ಸೀಳಿನಲ್ಲಿ ಪಾಚಿ ಬೆಳೆದು ಇನ್ನಷ್ಟು ಎಬ್ಬಿಸುತ್ತದೆ. ಮೂಲೆಯಿಂದ ಒಂದು ಬೆರಳು ದೂರದಲ್ಲೇ ಬ್ಲೇಡ್ ನಿಲ್ಲಿಸಬೇಕು, ಉಳಿದದ್ದಕ್ಕೆ ಸ್ಪಾಂಜ್.

ಗಾಜುಗಾರ
ಬಿಳಿ ಗೆರೆ ನೀರಿನ ಸುಣ್ಣದ ಅಂಶ. ನೀರು ಆರಿ ಅದು ಉಳಿದಿದೆ. ಅಷ್ಟು ಗೆರೆ ಕಟ್ಟಿದೆ ಅಂದರೆ ಜಿನುಗಲು ಶುರುವಾಗಿ ಬಹಳ ಕಾಲ ಆಗಿದೆ.

ಈಗ ಮುಖ್ಯ ವಿಷಯ. ಟ್ಯಾಂಕಿನಲ್ಲಿ ಸಿಲಿಕಾನ್ ಎರಡು ಕಡೆ ಇರುತ್ತದೆ. ಗಾಜಿಗೂ ಗಾಜಿಗೂ ನಡುವೆ ತೆಳ್ಳಗೆ ಒಂದು ಪದರ, ಟ್ಯಾಂಕನ್ನು ಹಿಡಿದು ನಿಲ್ಲಿಸುವುದು ಅದು. ಒಳಮೂಲೆಯಲ್ಲಿ ಕಾಣುವ ಪಟ್ಟಿ ಆ ಪದರಕ್ಕೆ ಕಾವಲು ಅಷ್ಟೇ. ಒಳಪಟ್ಟಿ ಎದ್ದ ಮಾತ್ರಕ್ಕೆ ನೀರು ಹೊರಗೆ ಬರಬಾರದು. ಬಂದಿದೆ ಅಂದರೆ ನಡುವಿನ ಪದರದಲ್ಲೂ ಎಲ್ಲೋ ಒಂದು ದಾರಿ ಆಗಿದೆ.

ಹಾಗಾಗಿ ಇನ್ನೊಂದು ಸಲ ಟಾರ್ಚ್ ಹಿಡಿಯಿರಿ. ಸಂದನ್ನು ಓರೆಯಾಗಿ ನೋಡಿದಾಗ ಅಂಟಿಕೊಂಡ ಜಾಗ ಒಂದೇ ಬಣ್ಣಕ್ಕೆ ಮಂದವಾಗಿ ಕಾಣುತ್ತದೆ. ಬಿಟ್ಟುಕೊಂಡ ಜಾಗ ಬೆಳ್ಳಗೆ ಹೊಳೆಯುತ್ತದೆ. ಒಂದೆರಡು ಗುಳ್ಳೆ, ಒಂದು ಸಣ್ಣ ಗೆರೆ ಇದ್ದರೆ ಒಳಪಟ್ಟಿ ಪೂರ್ತಿ ಹೊಸದಾಗಿ ಹಾಕಿದರೆ ಸಾಕು. ಬೆರಳುದ್ದ ಹೊಳಪು ಇದ್ದು, ಅದು ಸಂದಿನ ಒಳ ಅಂಚಿನಿಂದ ಹೊರ ಅಂಚಿನವರೆಗೂ ಹರಡಿದ್ದರೆ ಗಾಜುಗಳನ್ನೇ ಬಿಡಿಸಿ ಮತ್ತೆ ಕೂರಿಸಬೇಕು. ಅದನ್ನು ಮನೆಯಲ್ಲಿ ಮಾಡಿ ಅಂತ ನಾನಂತೂ ಹೇಳುವುದಿಲ್ಲ. ಗಾಜಿನಲ್ಲೇ ಬಿರುಕಿದ್ದರೆ ಸಿಲಿಕಾನ್ ಮಾತೇ ಬೇಡ, ಆ ಗಾಜು ಬದಲಾಯಿಸಬೇಕು.

ಗಪ್ಪಿಮನೆ
ಎರಡು ಗುಳ್ಳೆ, ಅವುಗಳ ನಡುವೆ ಕಡ್ಡಿಯಷ್ಟು ಅಗಲದ ಒಂದು ಹೊಳಪು. ಉಳಿದದ್ದೆಲ್ಲಾ ಮಂದ. ಬಿರುಕಿಲ್ಲ.

ಗಾಜುಗಾರ
ಹಾಗಾದರೆ ಒಳಪಟ್ಟಿ ಸಾಕು.

ಬೇಗಕೆಲಸ
ಎದ್ದಿರುವಷ್ಟು ಜಾಗಕ್ಕೆ ಮಾತ್ರ ಹಚ್ಚಿದರೆ ಆಗಲ್ವಾ? ನನ್ನ ಟ್ಯಾಂಕಿಗೆ ಹಾಗೇ ಮಾಡಿದ್ದೆ, ಇವತ್ತಿಗೂ ನಿಂತಿದೆ.

ಗಾಜುಗಾರ
ನಿಂತಿದ್ದರೆ ಸಂತೋಷ. ಆದರೆ ಒಣಗಿದ ಹಳೆ ಸಿಲಿಕಾನಿಗೆ ಹೊಸ ಸಿಲಿಕಾನ್ ಗಟ್ಟಿಯಾಗಿ ಅಂಟುವುದಿಲ್ಲ. ಗಾಜಿಗೆ ಮಾತ್ರ ಚೆನ್ನಾಗಿ ಅಂಟುತ್ತದೆ. ತುಂಡು ಹಚ್ಚಿದರೆ ಅದರ ಎರಡೂ ತುದಿ ಹಳೆಯದರ ಮೇಲೇ ಕೂರಬೇಕು. ಮುಂದೆ ಸೋರುವುದು ಆ ತುದಿಯಿಂದಲೇ. ಟ್ಯಾಂಕ್ ಖಾಲಿ ಮಾಡುವ ಕಷ್ಟ ಹೇಗೂ ಪಡುತ್ತೀರಿ. ಒಳಗಿನ ಅಷ್ಟೂ ಪಟ್ಟಿ, ನಿಂತ ನಾಲ್ಕು, ತಳದ ನಾಲ್ಕು, ಪೂರ್ತಿ ತೆಗೆದು ಒಂದೇ ಸಲ ಹಾಕಿ.

ಸಿಹಿನೀರು
ನಾನೂ ಇದೇ ಪಕ್ಷ. ಬೇಗಕೆಲಸ ಅವರ ಟ್ಯಾಂಕ್ ಚಿಕ್ಕದು, ನೀರಿನ ಆಳ ಕಮ್ಮಿ ಅಂತ ಕಾಣುತ್ತದೆ. ಅಲ್ಲಿ ನಡೆಯಬಹುದು.

ಕೋರಿಗೆಳತಿ
ಮೀನಿನ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. ಸೋಪು ಸೋಕದ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ನಿಮ್ಮ ಟ್ಯಾಂಕಿನ ನೀರನ್ನೇ ಅದಕ್ಕೆ ತುಂಬಿಸಿ. ಫಿಲ್ಟರ್ ತೆಗೆದು ಹಾಗೇ ಟಬ್ಬಿನಲ್ಲಿ ಓಡಿಸಿ, ತೊಳೆಯಬೇಡಿ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದು ಅದರ ಸ್ಪಾಂಜಿನಲ್ಲಿ. ಸ್ಪಾಂಜ್ ಒಣಗಿದರೆ, ಅಥವಾ ಮುಚ್ಚಿದ ಬಕೆಟಿನಲ್ಲಿ ನೀರಾಡದೆ ಕೂತರೆ, ಅವು ಸಾಯುತ್ತವೆ. ಟ್ಯಾಂಕ್ ರೆಡಿಯಾಗುತ್ತದೆ, ಮೀನು ಉಳಿಯುವುದಿಲ್ಲ.

ಟಬ್ಬಿನ ಬಾಯಿಗೆ ಬಲೆಯನ್ನೋ ಜಾಲರಿಯನ್ನೋ ಕಟ್ಟಿ, ಗಪ್ಪಿಗಳು ಹಾರುತ್ತವೆ. ಊಟ ಕಮ್ಮಿ ಹಾಕಿ, ಒಂದೊಂದು ದಿನ ಬಿಟ್ಟರೂ ಏನೂ ಆಗುವುದಿಲ್ಲ. ನೀರು ಕಮ್ಮಿ ಇರುವುದರಿಂದ ಬೇಗ ಕೆಡುತ್ತದೆ, ಟೆಸ್ಟ್ ಕಿಟ್ ಇದ್ದರೆ ಅಮೋನಿಯಾ ನೋಡುತ್ತಿರಿ. ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಹೊಸ ನೀರಿನ ಕ್ಲೋರಿನ್ ತೆಗೆದೇ ಹಾಕಿ. ಕೋರಿಗಳಿಗೆ ಅಡಗಲು ಒಂದು ಮಡಕೆ ಚೂರು ಇಟ್ಟರೆ ಗಾಬರಿ ಕಮ್ಮಿ.

ಗಪ್ಪಿಮನೆ
ಇದು ಬಹಳ ಉಪಯೋಗ ಆಯಿತು ಮೇಡಂ. ಇವತ್ತೇ ಎತ್ತುತ್ತೇನೆ. ಯಾವ ಸಿಲಿಕಾನ್ ತರಲಿ? ಬಾತ್‌ರೂಮಿಗೆ ಹಾಕಿ ಉಳಿದ ಅರ್ಧ ಟ್ಯೂಬ್ ಇದೆ.

ಗಾಜುಗಾರ
ಅದನ್ನು ಮುಟ್ಟಬೇಡಿ. ಬಾತ್‌ರೂಮಿನದ್ದಕ್ಕೆ ಸಾಮಾನ್ಯವಾಗಿ ಬೂಸು ಹಿಡಿಯದ ಹಾಗೆ ಔಷಧಿ ಸೇರಿಸಿರುತ್ತಾರೆ. ಅದು ಮೀನಿಗೆ ವಿಷ. ಟ್ಯೂಬಿನ ಮೇಲೆ ಅಕ್ವೇರಿಯಂಗೆ ಆಗುತ್ತದೆ ಅಂತ ಬರೆದಿರುವುದನ್ನೇ ತನ್ನಿ. ಅವು ಹೆಚ್ಚಾಗಿ ಹಚ್ಚುವಾಗ ವಿನೆಗರ್ ವಾಸನೆ ಬರುವ ಥರದವು. ಕಪ್ಪು, ಬಿಳಿ, ಪಾರದರ್ಶಕ ಯಾವುದಾದರೂ ಸರಿ. ಕಪ್ಪಿನಲ್ಲಿ ಪಾಚಿ ಕಾಣುವುದಿಲ್ಲ, ಅಷ್ಟೇ ಅನುಕೂಲ. ತಯಾರಾದ ದಿನಾಂಕ, ಅವಧಿ ನೋಡಿ. ಹಳೆಯದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ.

ಈಗ ಕೆಲಸ. ಮರಳು, ಕಲ್ಲು ಎಲ್ಲಾ ತೆಗೆದ ಮೇಲೆ ಮಾತ್ರ ಟ್ಯಾಂಕ್ ಎತ್ತಿ. ಸ್ವಲ್ಪ ನೀರಿದೆ, ಪರವಾಗಿಲ್ಲ ಅಂತ ಎತ್ತಿದರೆ ಗಟ್ಟಿ ಇರುವ ಸಂದೂ ಬಿಟ್ಟುಕೊಳ್ಳುತ್ತದೆ. ಬ್ಲೇಡನ್ನು ಗಾಜಿನ ಮೇಲೆ ಪೂರ್ತಿ ಮಲಗಿಸಿ ತಳ್ಳಿ, ಪಟ್ಟಿ ಉದ್ದಕ್ಕೆ ಸುಲಿದುಕೊಂಡು ಬರುತ್ತದೆ. ಬ್ಲೇಡಿನ ತುದಿ ಎರಡು ಗಾಜಿನ ನಡುವಿನ ಪದರಕ್ಕೆ ಹೋಗಬಾರದು, ಅದು ಕತ್ತರಿಸಿದರೆ ಟ್ಯಾಂಕೇ ಹೋಯಿತು. ಕಣ್ಣಿಗೆ ಏನೂ ಕಾಣದಿದ್ದರೂ ಗಾಜಿನ ಮೇಲೆ ತೆಳು ಪೊರೆ ಉಳಿದಿರುತ್ತದೆ. ಒಣಬೆರಳು ಆಡಿಸಿ ನೋಡಿ. ಬರಿ ಗಾಜಿನ ಮೇಲೆ ಬೆರಳು ಜಾರುತ್ತದೆ, ಪೊರೆ ಇರುವ ಕಡೆ ತಡೆಯುತ್ತದೆ. ಅಲ್ಲಿ ಮತ್ತೆ ಹೆರೆಯಿರಿ. ನನ್ನ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ, ಸಿಲಿಕಾನ್ ಹಚ್ಚುವುದು ಆಮೇಲೆ ಸುಲಭ.

ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎಳೆ ಬಿಡದ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಆರಲು ಬಿಡಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಹತ್ತುತ್ತದೆ. ಮೂಲೆಯಿಂದ 6–8 ಮಿ.ಮೀ. ಬಿಟ್ಟು ಎರಡೂ ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿ. ಗನ್ ಒತ್ತುವಾಗ ನಾಝಲ್ ತುದಿಯನ್ನು ಸಂದಿಗೆ ಊರಿ, ಸಿಲಿಕಾನ್ ಮೂಲೆಯೊಳಗೆ ನುಗ್ಗುವ ಹಾಗೆ ತಳ್ಳುತ್ತಾ ಹೋಗಿ. ಗೋಡೆಗೆ ಗೆರೆ ಬರೆದ ಹಾಗೆ ಮೇಲೆ ಇಟ್ಟುಕೊಂಡು ಹೋದರೆ ಅಡಿಯಲ್ಲಿ ಗಾಳಿ ಉಳಿಯುತ್ತದೆ. ಗ್ಲೌಸ್ ಹಾಕಿದ ಬೆರಳಿನಲ್ಲಿ ಒಂದೇ ಎಳೆತಕ್ಕೆ ಸವರಿ. ಮೇಲೆ ಪೊರೆ ಕಟ್ಟುವ ಮುಂಚೆ ಟೇಪ್ ಕಿತ್ತುಬಿಡಿ. ಪೊರೆ ಕಟ್ಟಲು ಐದು ಹತ್ತು ನಿಮಿಷ ಸಾಕು, ಅದಕ್ಕೇ ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು. ನಿಂತ ಪಟ್ಟಿ ಮುಗಿಸಿ ಕೂಡಲೇ ತಳದ ಪಟ್ಟಿ ಹಾಕಿ. ಮೂಲೆಗಳಲ್ಲಿ ಹಸಿಯದ್ದಕ್ಕೆ ಹಸಿಯದ್ದು ಸೇರಬೇಕು.

ಕೊಳವೆಕಣ್ಣು
ಕೆಲವರು ಸವರುವಾಗ ಬೆರಳಿಗೆ ಸೋಪುನೀರು ಹಚ್ಚಿಕೊಳ್ಳುತ್ತಾರೆ. ಕಿಟಕಿಗೆ ಸರಿ. ಇಲ್ಲಿ ಬೇಡ, ಸೋಪು ಪಕ್ಕದ ಗಾಜಿಗೆ ತಾಗಿದರೆ ಮುಂದಿನ ಪಟ್ಟಿ ಹಿಡಿಯುವುದಿಲ್ಲ.

ಗಪ್ಪಿಮನೆ
ಹಾಕಿ ಮುಗಿಯಿತು. ಹೆರೆಯುವುದಕ್ಕೆ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಪಟ್ಟಿ ನೀಟಾಗಿ ಬಂದಿದೆ, ಎರಡು ಕಡೆ ಸ್ವಲ್ಪ ದಪ್ಪ. ಮನೆಯೆಲ್ಲಾ ವಿನೆಗರ್ ವಾಸನೆ. ಯಾವಾಗ ನೀರು ಹಾಕಬಹುದು? ಮುಟ್ಟಿದರೆ ಈಗಲೇ ಒಣಗಿದ ಹಾಗಿದೆ. ಫ್ಯಾನ್ ಹಾಕಿ ಬೇಗ ಒಣಗಿಸಲಾ?

ಗಾಜುಗಾರ
ಮೇಲೆ ಮಾತ್ರ ಒಣಗಿದೆ. ಇದು ನೀರು ಆರಿ ಒಣಗುವ ಗೋಂದಲ್ಲ. ಗಾಳಿಯಲ್ಲಿನ ತೇವ ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ದಿನಕ್ಕೆ ಹೆಚ್ಚೆಂದರೆ 2–3 ಮಿ.ಮೀ. ಆಳಕ್ಕೆ ಇಳಿಯುತ್ತದೆ. ಗಾಳಿ ತೀರಾ ಒಣಗಿದ್ದರೆ ಇನ್ನೂ ನಿಧಾನ. ಬಿಸಿ ಗಾಳಿ, ಬಿಸಿಲು ಎರಡೂ ಬೇಡ. ವಾಸನೆ ಹೋಗಲು ಕಿಟಕಿ ತೆಗೆಯಿರಿ, ಸಾಕು. ಕಮ್ಮಿ ಅಂದರೆ 72 ಗಂಟೆ. ದಪ್ಪ ಇರುವ ಕಡೆ ಯೋಚಿಸಿದರೆ ಒಂದು ವಾರ ಬಿಡಿ ಅನ್ನುತ್ತೇನೆ. ಮೂಗು ಹತ್ತಿರ ಇಟ್ಟಾಗ ವಾಸನೆ ಬಂದರೆ ಇನ್ನೂ ಆಗಿಲ್ಲ ಅಂತ.

ಸಿಹಿನೀರು
ಈ ಬಿಡುವಿನಲ್ಲಿ ಸ್ಟ್ಯಾಂಡ್ ನೋಡಿಕೊಳ್ಳಿ. ಉಬ್ಬಿದ ಪ್ಲೈವುಡ್ ಮೇಲೆ ಮತ್ತೆ ಇಟ್ಟರೆ ಒಂದು ಮೂಲೆ ಎದ್ದು ಟ್ಯಾಂಕ್ ತಿರುಚಿಕೊಳ್ಳುತ್ತದೆ, ಸಂದಿಗೆ ಅದೇ ಶತ್ರು. ಹಲಗೆ ಬದಲಾಯಿಸಿ. ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಮೂಲೆಯಿಂದ ಮೂಲೆಗೂ ನೋಡಿ. ನಿಮ್ಮದು ಫ್ರೇಮ್ ಇಲ್ಲದ್ದು, ಆದ್ದರಿಂದ ಅಡಿಗೆ ತೆಳು ಫೋಮ್ ಶೀಟ್ ಹಾಕಿ. ಫ್ರೇಮ್ ಇರುವ ಟ್ಯಾಂಕಿನವರು ಇದನ್ನು ಓದಿ ಫೋಮ್ ಹಾಕಬೇಡಿ. ಅದರಲ್ಲಿ ಭಾರ ಕೂರುವುದು ಫ್ರೇಮಿನ ಮೇಲೆ, ನಡುವೆ ಫೋಮ್ ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ.

ಗಪ್ಪಿಮನೆ
ಹಲಗೆ ಬದಲಾಯಿಸಿದೆ. ಅಡ್ಡಕ್ಕೆ ಸರಿ ಇತ್ತು, ಮೂಲೆಯಿಂದ ಮೂಲೆಗೆ ಇಟ್ಟಾಗ ಗುಳ್ಳೆ ಸ್ವಲ್ಪ ಸರಿಯಿತು. ಎಡ ಹಿಂದಿನ ಕಾಲು ತಗ್ಗು. ಹನಿ ಅಲ್ಲೇ ಯಾಕೆ ಬೀಳುತ್ತಿತ್ತು ಅಂತ ಈಗ ಗೊತ್ತಾಯಿತು. ಕಾಲಿನ ಕೆಳಗೆ ಚಕ್ಕೆ ಕೊಟ್ಟು ಸರಿಮಾಡಿದ್ದೇನೆ.

ಗಾಜುಗಾರ
ಚೆನ್ನಾಗಾಯಿತು. ಪರೀಕ್ಷೆಗೆ ನೀರು ಹಾಕುವಾಗ ಸ್ಟ್ಯಾಂಡ್ ಮೇಲೆ ಬೇಡ. ಸಮತಟ್ಟಾದ ನೆಲದ ಮೇಲೆ, ಫೋಮ್ ಹಾಸಿ, ನೀರು ಚೆಲ್ಲಿದರೂ ಪರವಾಗಿಲ್ಲದ ಕಡೆ ಇಡಿ. ಕಾಲು ಭಾಗ ತುಂಬಿಸಿ ಕೆಲವು ಗಂಟೆ ಬಿಡಿ. ಆಮೇಲೆ ಅರ್ಧ. ಆಮೇಲೆ ಪೂರ್ತಿ ತುಂಬಿಸಿ ಎರಡು ದಿನ. ಸುತ್ತ ಮತ್ತೆ ಟಿಶ್ಯೂ, ಗಾಜಿನ ಮೇಲೆ ಮತ್ತೆ ಗೆರೆ, ಬಾಯಿಗೆ ಪ್ಲಾಸ್ಟಿಕ್. ನೀರು ರೂಮಿಗಿಂತ ತಣ್ಣಗಿದ್ದರೆ ಗಾಜಿನ ಹೊರಗೆ ಬೆವರು ಹನಿ ಕಟ್ಟುತ್ತದೆ, ಅದನ್ನು ನೋಡಿ ಹೆದರಬೇಡಿ. ಬೆವರು ಗಾಜಿನ ತುಂಬಾ ಇರುತ್ತದೆ. ಸೋರುವುದು ಒಂದೇ ಕಡೆ.

ಗಪ್ಪಿಮನೆ
ಎರಡು ದಿನ ಪೂರ್ತಿ ತುಂಬಿಸಿಟ್ಟಿದ್ದೆ. ಟಿಶ್ಯೂ ಗರಿಗರಿಯಾಗಿಯೇ ಇದೆ. ಮಟ್ಟ ಗೆರೆಯ ಮೇಲೇ. ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು, ಮರಳು ಗಿಡ ಹಾಕಿ, ಟಬ್ಬಿನ ನೀರು ಫಿಲ್ಟರ್ ಸಮೇತ ಮೀನು ಬಿಟ್ಟಿದ್ದೇನೆ. ಕೋರಿಗಳು ಆಗಲೇ ಮರಳು ಕೆದಕುತ್ತಿವೆ. ಗಪ್ಪಿ ಮರಿಗಳು ಟಬ್ಬಿನಲ್ಲೇ ಹುಟ್ಟಿವೆ, ಎಷ್ಟು ಅಂತ ಎಣಿಸಲು ಆಗಿಲ್ಲ!

ಕೋರಿಗೆಳತಿ
ಮರಿಗಳಿಗೆ ಅಡಗಲು ಒಂದು ಗೊಂಚಲು ಜಾವಾ ಮಾಸ್ ಹಾಕಿ, ಇಲ್ಲದಿದ್ದರೆ ಅವರ ಅಮ್ಮನೇ ತಿಂದುಬಿಡುತ್ತಾಳೆ. ಒಂದೆರಡು ವಾರ ಊಟ ಕಮ್ಮಿಯೇ ಇರಲಿ, ಅಮೋನಿಯಾ ನೋಡುತ್ತಿರಿ.

ಬೇಗಕೆಲಸ
ಸರಿ, ಒಪ್ಪಿದೆ. ನನ್ನ ಟ್ಯಾಂಕಿಗೂ ಟಿಶ್ಯೂ ಅಂಟಿಸಿ ನೋಡುತ್ತೇನೆ. ಟ್ಯೂಬಿನಲ್ಲಿ ಉಳಿದ ಸಿಲಿಕಾನ್ ಇಟ್ಟುಕೊಳ್ಳಬಹುದಾ?

ಗಾಜುಗಾರ
ನಾಝಲ್ ತುದಿಯಲ್ಲಿ ಸ್ವಲ್ಪ ಹೊರಗೆ ಒತ್ತಿ ಹಾಗೇ ಒಣಗಲು ಬಿಡಿ, ಅದೇ ಬಿರಡೆ ಆಗುತ್ತದೆ. ತಂಪಾದ ಕಡೆ ಇಡಿ. ಮುಂದಿನ ಸಲ ಬಳಸುವ ಮುಂಚೆ ಒಂದು ಗಾಜಿನ ಚೂರಿಗೆ ಹಚ್ಚಿ ಮಾರನೇ ದಿನ ಎಳೆದು ನೋಡಿ. ಸುಲಿದು ಬಂದರೆ ಎಸೆಯಿರಿ. ಕಿಟಕಿಗೆ, ಸಿಂಕಿಗೆ ಬಳಸಲು ಅಂತ ಎತ್ತಿಡಿ, ಟ್ಯಾಂಕಿಗೆ ಮಾತ್ರ ಯಾವಾಗಲೂ ಹೊಸ ಟ್ಯೂಬೇ.